ಚರ್ಚೆ: "ನಾನು ಮಾಡಿದ್ದು ಸಾಕಾಗುತ್ತಾ?"

ಗಂಗಾವತಿ ಮಗಳು:
ನಮ್ಮಪ್ಪನಿಗೆ 78 ವರ್ಷ. ನಲವತ್ತು ವರ್ಷ ಚರ್ಚಿನ ಗಂಟೆ ಹೊಡೆದವರು, ಈಗ ಹಾಸಿಗೆ ಹಿಡಿದಿದ್ದಾರೆ. ಮೊನ್ನೆ ರಾತ್ರಿ ನೀರು ಕುಡಿಸುವಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಗ್ಗ ಎಳೆದು ಎಳೆದು ಗಟ್ಟಿಯಾದ ಅಂಗೈ ಅದು. "ನಾನು ಮಾಡಿದ್ದು ಸಾಕಾಗುತ್ತಾ?" ಅಂತ ಕೇಳಿದರು. ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಕೃಪೆಯಿಂದ, ನಂಬಿಕೆಯ ಮೂಲಕ, ನಮ್ಮ ಕ್ರಿಯೆಗಳಿಂದಲ್ಲ ಅನ್ನುತ್ತದೆ ಬೈಬಲ್‌ನಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ. ಅಪ್ಪ ಇದನ್ನು ಎಷ್ಟು ಸಲ ಕೇಳಿದ್ದಾರೋ. ಆದರೂ ಯಾಕೆ ಒಳಗೆ ಇಳಿಯಲಿಲ್ಲ?

ಕೋಟೆ ಬಳ್ಳಾರಿ:
ತಪ್ಪು ನಮ್ಮ ಸಭೆಗಳದ್ದೇ ಅಕ್ಕ. ಬಾಯಲ್ಲಿ ಕೃಪೆ, ಕೈಯಲ್ಲಿ ಹಾಜರಿ ಪುಸ್ತಕ. ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಇಡೀ ಸತ್ಯವೇದ, ಅಂದರೆ ಬೈಬಲ್, ಕನ್ನಡದಲ್ಲಿ ಸಿಕ್ಕಿದ್ದು 1831ರಲ್ಲಿ. ಇಷ್ಟು ಕಾಲ ನಮ್ಮ ಮಾತಲ್ಲೇ ಓದಿಯೂ ಲೂಕ 15ರ ಕಥೆಯ ಹಿರಿಮಗನ ಹಾಗೇ ಉಳಿದಿದ್ದೇವೆ. ಅವನು ಮನೆ ಬಿಟ್ಟು ಹೋದವನಲ್ಲ, ಹೊಲದಲ್ಲಿ ದುಡಿದವನು. ಬಿಟ್ಟು ಹೋಗಿದ್ದ ತಮ್ಮ ತಿರುಗಿ ಬಂದನೆಂದು ತಂದೆ ಊಟ ಹಾಕಿಸಿದಾಗ ಇವನು ಬಾಗಿಲ ಹೊರಗೇ ನಿಂತ. ಇಷ್ಟು ವರ್ಷ ಆಳಿನ ಹಾಗೆ ದುಡಿದೆ ಅಂತ ತಂದೆಗೇ ಲೆಕ್ಕ ಒಪ್ಪಿಸಿದ. ತಾನು ಮಗ ಅಂತ ಅವನಿಗೆ ಅನ್ನಿಸಿರಲೇ ಇಲ್ಲ.

ರಾಯಚೂರು ಕ್ಯಾಥೋಲಿಕ:
ಹಾಗಂತ ಅವರು ಗಂಟೆ ಹೊಡೆದದ್ದು ಸುಮ್ನೆ ಆಯ್ತಾ? ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಅಂತ ಯಾಕೋಬ ಬರೆದಿದ್ದಾನೆ. ಮತ್ತಾಯ 25ರಲ್ಲಿ ಅರಸ ನೋಡುವುದು, ಹಸಿದವನಿಗೆ ಊಟ ಕೊಟ್ಟರೋ ಇಲ್ಲವೋ ಅಂತ. ಹಳೇ ಜಗಳ ಇದು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೋಲಿಕರೂ ಪ್ರೊಟೆಸ್ಟಂಟರಾದ ಲೂಥರನ್ನರೂ ಒಂದು ಹೇಳಿಕೆಗೆ ಒಟ್ಟಿಗೆ ಸಹಿ ಹಾಕಿದರು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದ ಮಾತ್ರ, ಒಳ್ಳೆ ಕೆಲಸ ಅದರ ಫಲ ಅಂತ ಒಪ್ಪಿದರು. ನಿಮ್ಮಪ್ಪನ ನಲವತ್ತು ವರ್ಷ ಆ ಫಲವೇ. ಅದನ್ನೂ ಅವರಿಗೆ ಹೇಳಿ.

ಸಿಂಧನೂರು ರೈತ:
ನಾನು ಕ್ರೈಸ್ತನಲ್ಲ, ಹೆಂಡತಿ ಪ್ರಾರ್ಥನೆಗೆ ಹೋಗುತ್ತಾಳೆ. ನನ್ನ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿದೆ. ಮೇಲಿನವರು ಎರಡು ಸಲ ಭತ್ತ ಹಚ್ಚುತ್ತಾರೆ, ನಮ್ಮ ತೂಬಿಗೆ ಬರುವ ಹೊತ್ತಿಗೆ ಬರೀ ಕೆಸರು. ನೀರೇ ಬರದ ಹೊಲವನ್ನು ಯಾಕೆ ಬೆಳೆಯಲಿಲ್ಲ ಅಂತ ಕೇಳಬಹುದಾ? ನಮ್ಮಜ್ಜಿ ಯೇಸುವಿನ ಹೆಸರು ಕೇಳದೇ ತೀರಿಕೊಂಡಳು. ಬಾಗಿಲಿಗೆ ಬಂದವರನ್ನು ಒಂದು ದಿನವೂ ಹಸಿದು ಕಳಿಸಿದವಳಲ್ಲ.

ರಾಯಚೂರು ಕ್ಯಾಥೋಲಿಕ:
ನಮ್ಮ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಇದನ್ನು ಹೇಳಿದೆ. ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದವರು, ಮನಸ್ಸಾಕ್ಷಿಯಂತೆ ದೇವರನ್ನು ಹುಡುಕಿ ಬಾಳಿದರೆ ರಕ್ಷಣೆ ಹೊಂದಬಹುದು.

ಕೋಟೆ ಬಳ್ಳಾರಿ:
ಅಷ್ಟು ದೂರ ನಾನು ಬರಲಾರೆ. ಯೇಸುವಿನ ಹೊರತು ದಾರಿಯಿಲ್ಲ ಅಂತ ನಂಬಿದವನು ನಾನು. ಆದರೆ ಅಣ್ಣ, ಅಜ್ಜಿಯ ತೀರ್ಪು ನನ್ನ ಕೈಲಿಲ್ಲ. ಸಾರುವವರಿಲ್ಲದೆ ಕೇಳುವುದು ಹೇಗೆ ಅಂತ ರೋಮಾಪುರದವರಿಗೆ ಬರೆದ ಪತ್ರದ 10ನೇ ಅಧ್ಯಾಯದಲ್ಲಿ ಪೌಲನೇ ಕೇಳುತ್ತಾನೆ. ಆ ಪ್ರಶ್ನೆ ಮೇಲಿನ ಹೊಲದವರಾದ ನಮಗೆ. ನೀರು ತಡೆದು ನಿಲ್ಲಿಸಿದವರು ನಾವೇ.

ಕೊಪ್ಪಳ ನರ್ಸ್:
ಸಾಯುವವರ ಪಕ್ಕ ತುಂಬಾ ಕೂತಿದ್ದೇನೆ. ನನಗೆ ನೆನಪಾಗುವುದು ಲೂಕ 23ರಲ್ಲಿ ಯೇಸುವಿನ ಜೊತೆ ಶಿಲುಬೆಗೆ ಹಾಕಿದ ಇಬ್ಬರು ಅಪರಾಧಿಗಳು. ಇಬ್ಬರೂ ಯೇಸುವಿನ ಆಚೆ ಈಚೆ, ಒಂದೇ ದೂರದಲ್ಲಿ. ಗಮನಿಸಿ, ಉಳಿಸು ಅಂತ ಕೂಗಿದ್ದು ರಕ್ಷಣೆ ಕಳೆದುಕೊಂಡವನೇ. ಅವನಿಗೆ ಶಿಲುಬೆಯಿಂದ ಇಳಿದರೆ ಸಾಕಿತ್ತು. ಇನ್ನೊಬ್ಬ ಇಳಿಸು ಅನ್ನಲೇ ಇಲ್ಲ. ನಮಗೆ ಇದು ತಕ್ಕ ಶಿಕ್ಷೆ ಅಂತ ಒಪ್ಪಿಕೊಂಡು, ನನ್ನನ್ನು ನೆನೆಸಿಕೋ ಅಂದ ಅಷ್ಟೇ. ಈ ಹೊತ್ತೇ ನನ್ನ ಜೊತೆ ಪರದೈಸಿನಲ್ಲಿರುವೆ ಅಂತ ಯೇಸು ಹೇಳಿದ್ದು ಅವನಿಗೇ. ಕಾಯಿಲೆ ವಾಸಿಯಾಗಲಿ, ಸಾಲ ತೀರಲಿ ಅಂತ ನಾವು ಯೇಸುವಿನ ಹತ್ತಿರ ಹೋಗುತ್ತೇವೆ. ಅದು ತಪ್ಪಲ್ಲ. ಆದರೆ ಜಾಸ್ತಿ ಜನ ಅಷ್ಟಕ್ಕೇ ತಿರುಗಿ ಬಂದುಬಿಡುತ್ತಾರೆ. ಅಪ್ಪನಿಗೆ ಆ ಭಾಗ ಓದಿ ಹೇಳಿ.

ಗಂಗಾವತಿ ಮಗಳು:
ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಓದಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. "ಅವನಿಗೆ ದೀಕ್ಷಾಸ್ನಾನ ಆಗಿರಲಿಲ್ಲ ಅಲ್ವಾ?" ಅಂದರು. ಇಲ್ಲಪ್ಪ ಅಂದೆ. "ಒಂದು ದಿನವೂ ಗಂಟೆ ಹೊಡೆದವನಲ್ಲ." ಇಲ್ಲಪ್ಪ ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, ಇನ್ನೊಂದು ಸಲ ಓದು ಅಂದರು.