ಅಪ್‌ಡೇಟ್: ಎಸಿ ಔಟ್‌ಡೋರ್ ಯೂನಿಟ್ ಪಕ್ಕದಲ್ಲೇ ಸ್ವಿಚ್ ಹಾಕಿಸಿದೆವು

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಎಸಿಯ ಔಟ್‌ಡೋರ್ ಯೂನಿಟ್ ಟೆರೇಸ್ ಮೇಲಿದೆ. ಕೆಳಗಿನ ಎಂಸಿಬಿ (ಮನೆಯ ಕರೆಂಟ್ ಬೋರ್ಡಿನಲ್ಲಿರುವ, ತಾನಾಗಿ ಟ್ರಿಪ್ ಆಗುವ ಸ್ವಿಚ್) ಒಂದೇ ಸಾಕಾ, ಮೇಲೂ ಒಂದು ಸ್ವಿಚ್ ಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಹಾಕಿಸಿ ಅಂದವರೇ ಜಾಸ್ತಿ. ಹಾಕಿಸಿಯಾಯ್ತು.

ಅಮೆರಿಕದ ಎನ್‌ಇಸಿ (ಅಲ್ಲಿನ ವೈರಿಂಗ್ ಸುರಕ್ಷತಾ ಸಂಹಿತೆ) ನಿಯಮವನ್ನೂ ಒಬ್ಬರು ತಿಳಿಸಿದ್ದರು. ಔಟ್‌ಡೋರ್ ಯೂನಿಟ್ ಇರುವಲ್ಲಿಂದ ಸ್ವಿಚ್ ಕಣ್ಣಿಗೆ ಕಾಣಬೇಕು, 50 ಅಡಿಯೊಳಗಿರಬೇಕು. ಅದು ಅಲ್ಲಿಯ ನಿಯಮ, ಆದರೆ ಕಾರಣ ಇಲ್ಲಿಗೂ ಒಪ್ಪುತ್ತದೆ. ಮೇಲೆ ಒಬ್ಬರು ರಿಪೇರಿ ಮಾಡುತ್ತಿರುವಾಗ ಕೆಳಗೆ ಯಾರೋ ಗೊತ್ತಿಲ್ಲದೆ ಎಂಸಿಬಿ ಆನ್ ಮಾಡಿದರೆ ಜೀವಕ್ಕೇ ಅಪಾಯ ಅಲ್ವಾ?

ನನಗೆ ಹೊಸದಾಗಿ ತಿಳಿದದ್ದು ಸಿಗ್ನಲ್ ವೈರಿನ ವಿಷಯ, ಅಂದರೆ ಒಳಗಿನ ಮತ್ತು ಹೊರಗಿನ ಯೂನಿಟ್‌ಗಳು ಪರಸ್ಪರ ಸಂದೇಶ ಕಳಿಸುವ ವೈರು. ನಮ್ಮದು ಇನ್ವರ್ಟರ್ ಎಸಿ (ಕಂಪ್ರೆಸರ್ ವೇಗವನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡುವಂಥದ್ದು). ಕರೆಂಟ್ ಮೊದಲು ಒಳಗಿನ ಯೂನಿಟ್‌ಗೆ ಬಂದು, ಅಲ್ಲಿಂದ ಫೇಸ್, ನ್ಯೂಟ್ರಲ್, ಸಿಗ್ನಲ್, ಅರ್ಥ್ ಮೇಲಕ್ಕೆ ಹೋಗುತ್ತವೆ. ಎರಡು ಪೋಲ್‌ನ ಸ್ವಿಚ್ (ಒಟ್ಟಿಗೆ ಎರಡು ವೈರು ಕಟ್ ಮಾಡುವಂಥದ್ದು) ಹಾಕಿದರೆ ಫೇಸ್, ನ್ಯೂಟ್ರಲ್ ಮಾತ್ರ ಕಟ್ ಆಗುತ್ತವೆ. ಸಿಗ್ನಲ್ ವೈರಿನಲ್ಲಿ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಅದಕ್ಕೇ ಎಲೆಕ್ಟ್ರಿಷಿಯನ್ ನಾಲ್ಕು ಪೋಲ್‌ನ ಐಸೊಲೇಟರ್ (ಕರೆಂಟ್ ಪೂರ್ತಿ ಬೇರ್ಪಡಿಸುವ ಸ್ವಿಚ್) ತರಿಸಿ, ಫೇಸ್, ನ್ಯೂಟ್ರಲ್, ಸಿಗ್ನಲ್ ಮೂರನ್ನೂ ಅದರ ಮೂಲಕ ಹಾಯಿಸಿದರು; ಒಂದು ಪೋಲ್ ಖಾಲಿ. ಅರ್ಥ್ ವೈರನ್ನು ಮಾತ್ರ ನೇರವಾಗಿ ಬಿಟ್ಟರು. ಅದನ್ನು ಯಾವತ್ತೂ ಸ್ವಿಚ್‌ನಲ್ಲಿ ಕಟ್ ಮಾಡಬಾರದು.

ಮಳೆ ನೀರು ಇಳಿಯದಂತೆ ಐಪಿ65 (ಧೂಳು, ನೀರು ಒಳಗೆ ಹೋಗದ ದರ್ಜೆ) ಡಬ್ಬಿ ಹಾಕಿದ್ದಾರೆ. ವೈರು ಕೆಳಗಿನಿಂದ ಒಳಗೆ ಹೋಗುತ್ತದೆ. ಸ್ವಿಚ್‌ನ ಹಿಡಿಗೆ ಬೀಗ ಹಾಕುವ ತೂತಿದೆ, ಸರ್ವಿಸ್‌ಗೆ ಬಂದವರು ಆಫ್ ಮಾಡಿ ಬೀಗ ಹಾಕಿ ಕೀ ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬಹುದು. ಎಸಿ ಓಡುತ್ತಿರುವಾಗ ಈ ಸ್ವಿಚ್ ಆಫ್ ಮಾಡಬೇಡಿ, ಮೊದಲು ರಿಮೋಟ್‌ನಲ್ಲಿ ಆಫ್ ಮಾಡಿ. ಆಫ್ ಆದ ಮೇಲೂ ಕೆಪಾಸಿಟರ್‌ನಲ್ಲಿ (ವಿದ್ಯುತ್ ಹಿಡಿದಿಡುವ ಭಾಗ) ಸ್ವಲ್ಪ ಹೊತ್ತು ಚಾರ್ಜ್ ಇರುತ್ತದೆ, ಹಾಗಾಗಿ ಮುಚ್ಚಳ ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ.

ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.