ಸೈಲೆಂಟ್ ಹಿಲ್ ಎಫ್ ತಗೋಬಹುದಾ? ಲೆವೆಲ್ ಡಿಸೈನರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಶಿರಸಿ): ಸೈಲೆಂಟ್ ಹಿಲ್ ಎಫ್ ಅನ್ನುವ ಹಾರರ್ ವಿಡಿಯೋ ಗೇಮ್ ತಗೊಳ್ಳಬೇಕು ಅಂತ ಆಸೆ ಇದೆ. ಆದರೆ ನನ್ನ ತಮ್ಮ ಬೇಡ ಅಂತಾನೆ. ಸರಣಿಗೆ ಹೆಸರು ಕೊಟ್ಟ ಅಮೆರಿಕದ ಆ ಊರೇ ಇಲ್ಲ, ಹಳೇ ಪಾತ್ರಗಳೂ ಇಲ್ಲ, ಸುಮ್ನೆ ಹೆಸರು ಅಂಟಿಸಿದ್ದಾರೆ ಅಂತ ಅವನ ವಾದ. ನೀವು ಆಟದೊಳಗಿನ ಜಾಗ, ದಾರಿಗಳನ್ನು ರೂಪಿಸುವ ಕೆಲಸದಲ್ಲೇ ಇರುವವರು. ಹಳೇ ಹಾರರ್ ಸರಣಿಗೆ ಹೊಸ ಆಟ ಬಂದಾಗ ಹೇಗೆ ಅಳೆಯುತ್ತೀರಿ?

ಉತ್ತರ: ಊರು, ಪಾತ್ರ ಎಲ್ಲ ಆಮೇಲೆ. ಆಟ ನನ್ನ ಕೈಯಿಂದ ಏನೇನು ಕಿತ್ತುಕೊಂಡಿದೆ ಅಂತ ನಾನು ಮೊದಲು ನೋಡುತ್ತೇನೆ. ಸರ್ವೈವಲ್ ಹಾರರ್, ಅಂದರೆ ಕೊರತೆಯಲ್ಲೇ ಹೇಗೋ ಬದುಕುಳಿಯಬೇಕಾದ ಹೆದರಿಕೆಯ ಆಟಗಳ ಜೀವಾಳವೇ ಅದು.

ಇಂಥದ್ದೇ ಇನ್ನೊಂದು ಹಾರರ್ ಸರಣಿ ರೆಸಿಡೆಂಟ್ ಈವಿಲ್‌ನ 1996ರ ಮೊದಲ ಆಟ ತಗೊಳ್ಳಿ. ಕ್ರಿಸ್ ಆಗಿ ಆಡಿದರೆ ಚೀಲದಲ್ಲಿ 6 ಜಾಗ, ಜಿಲ್ ಆದರೆ 8. ಬಂದೂಕಿಗೆ ಒಂದು, ಗುಂಡಿಗೆ ಒಂದು, ಗಿಡಮೂಲಿಕೆಗೆ ಒಂದು, ಬೀಗದ ಕೈಗೆ ಒಂದು. ಸೇವ್ ಮಾಡಲಿಕ್ಕೆ ಟೈಪ್‌ರೈಟರ್‌ಗೆ ಶಾಯಿ ರಿಬ್ಬನ್ ಬೇಕು, ಅದೂ ಒಂದು ಜಾಗ ತಿನ್ನುತ್ತದೆ. ಕ್ಯಾಮೆರಾ ಗೋಡೆಗೆ ಹೊಡೆದಿಟ್ಟ ಹಾಗೆ ಅಲುಗಾಡುವುದಿಲ್ಲ, ಮೂಲೆಯ ಆಚೆ ಏನಿದೆ ಅಂತ ಕಾಣುವುದೇ ಇಲ್ಲ. 2005ರಲ್ಲಿ ನಾಲ್ಕನೆಯದು ಬಂತು. ಕ್ಯಾಮೆರಾ ಹೆಗಲ ಹಿಂದೆ ಬಂದು ಕಣ್ಣು ವಾಪಸ್ ಸಿಕ್ಕಿತು, ಆದರೆ ಬಂದೂಕು ಗುರಿ ಹಿಡಿದರೆ ಕಾಲು ಆಡುವುದಿಲ್ಲ. ಒಂದು ಕೊಟ್ಟು ಇನ್ನೊಂದು ಕಿತ್ತುಕೊಂಡರು. ಅದಕ್ಕೇ ಅಷ್ಟು ಬದಲಾವಣೆ ಆದರೂ ಜನ ಒಪ್ಪಿದರು.

2012ರ ಆರನೆಯದರಲ್ಲಿ ಹಳೇ ನಾಯಕರಾದ ಲಿಯಾನ್ ಇದ್ದ, ಕ್ರಿಸ್ ಇದ್ದ, ಜೋಂಬಿಗಳೂ ಇದ್ದವು. ತಮ್ಮನ ಅಳತೆಯಲ್ಲಿ ಅದು ಅಪ್ಪಟ ರೆಸಿಡೆಂಟ್ ಈವಿಲ್. ಆದರೆ ಓಡುತ್ತಾ, ಜಾರುತ್ತಾ, ಒದೆಯುತ್ತಾ ಆಡಬಹುದು. ಹೆದರುವುದು ಯಾಕೆ? 2017ರ ಏಳನೆಯದರಲ್ಲಿ ಹಳೇ ನಾಯಕರನ್ನೆಲ್ಲ ಬದಿಗೆ ಸರಿಸಿ ಫಸ್ಟ್ ಪರ್ಸನ್, ಅಂದರೆ ಪಾತ್ರದ ಕಣ್ಣಿನಿಂದಲೇ ನೋಡುವ ಹಾಗೆ ಮಾಡಿದರು. ಲೂಸಿಯಾನಾದ ಒಂದು ಮನೆ, ಚಿಕ್ಕ ಚೀಲ, ಬೀಗ ಹಾಕಿದ ಬಾಗಿಲುಗಳು. ನೋಡಲು ಬೇರೆ ಆಟ, ಮೂಳೆ ಮಾತ್ರ 1996ರದ್ದೇ.

ಎಫ್‌ನಲ್ಲಿ ಬಂದೂಕೇ ಇಲ್ಲ. 1960ರ ದಶಕದ ಜಪಾನ್, ಎಬಿಸುಗಾವೋಕ ಅನ್ನುವ ಕಲ್ಪಿತ ಊರು, ಹಿನಾಕೊ ಅನ್ನುವ ಶಾಲಾ ಹುಡುಗಿ. ಕೈಗೆ ಸಿಗುವುದು ಕಬ್ಬಿಣದ ಪೈಪು, ಕತ್ತಿ, ಕೊಡಲಿ. ಹೊಡೆದಷ್ಟೂ ಸವೆದು ಕೊನೆಗೆ ಮುರಿಯುತ್ತವೆ. ಓಡಿದರೆ, ತಪ್ಪಿಸಿಕೊಂಡರೆ ದಮ್ಮು ಇಳಿಯುತ್ತದೆ. ಎದುರಿನದ್ದರ ಮೇಲೆ ಗಮನ ಇಟ್ಟು ಕಾಯುತ್ತಾ ನಿಂತರೆ ಮನಸ್ಸಿನ ಸ್ಥಿಮಿತ ತೋರಿಸುವ ಪರದೆಯ ಪಟ್ಟಿ ಕರಗುತ್ತದೆ. ನನ್ನ ಲೆಕ್ಕದಲ್ಲಿ ಇದು ಸೈಲೆಂಟ್ ಹಿಲ್ ಹೌದು. ತಗೊಳ್ಳಿ.

ಪ್ರಶ್ನೆ (ಅದೇ ಶಿರಸಿಯವರು): ಹಾಗಾದರೆ ಕಷ್ಟ ಜಾಸ್ತಿ ಮಾಡಿದರೆ ಸಾಕಾ? ಯಾರು ಬೇಕಾದರೂ ಮಾಡಬಹುದಲ್ವಾ?

ಉತ್ತರ: ಅಲ್ಲ ಮಾರಾಯ್ರೇ. ಕಿತ್ತುಕೊಂಡ ಮೇಲೆ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಬೇಕು. ಎಫ್‌ನಲ್ಲಿ ಸೇವ್ ಮಾಡುವುದು ಹೊಕೊರ ಅನ್ನುವ ಪುಟ್ಟ ಗುಡಿಗಳಲ್ಲಿ. ನಮ್ಮ ಕಡೆ ತೋಟದ ಅಂಚಿನಲ್ಲಿ ಚೌಡಿ ಕಲ್ಲು ಇರುತ್ತದಲ್ಲ, ಹಾಗೆ ದಾರಿ ಬದಿಯಲ್ಲೇ ಸಿಗುತ್ತವೆ. ಅಲ್ಲಿ ಚೀಲದ ವಸ್ತುಗಳನ್ನು ಅರ್ಪಿಸಬಹುದು. ಅರ್ಪಿಸಿದರೆ ನಂಬಿಕೆಯ ಅಂಕ ಬರುತ್ತದೆ, ಆ ಅಂಕ ಕೊಟ್ಟು ತಾಯತ ಪಡೆಯಬಹುದು, ಎಮಾ ಅನ್ನುವ ಹರಕೆಯ ಮರದ ಹಲಗೆ ಸಿಕ್ಕಿದ್ದರೆ ಜೀವವನ್ನೋ ದಮ್ಮನ್ನೋ ಕಾಯಂ ಹೆಚ್ಚಿಸಿಕೊಳ್ಳಬಹುದು. ಅರ್ಪಿಸುವುದು ಯಾವುದನ್ನು? ಗಾಯ ವಾಸಿ ಮಾಡಿಕೊಳ್ಳಲು ಇಟ್ಟುಕೊಂಡ ತಿಂಡಿಯನ್ನೂ ಅರ್ಪಿಸಬಹುದು. ಈಗ ತಿಂದರೆ ಮುಂದಿನ ತಿರುವು ದಾಟುತ್ತೀರಿ, ಅರ್ಪಿಸಿದರೆ ಮುಂದಿನ ಅಧ್ಯಾಯಕ್ಕೆ ಬಲ ಬರುತ್ತದೆ. ಚೀಲ ತುಂಬಿದಾಗಲಂತೂ ಆ ಗುಡಿಯ ಮುಂದೆ ನಿಂತು ಲೆಕ್ಕ ಹಾಕುವುದೇ ಆಗುತ್ತದೆ. ಯಾವ ದೆವ್ವವೂ ಎದುರಿಗಿಲ್ಲ, ಆದರೂ ಎದೆ ಡವಡವ. ಡಿಸೈನರ್ ಆಗಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸಿದ್ದು ಇದೇ.

ಒಂದು ದೂರು ಇದೆ. ಆಗಾಗ ಹಿನಾಕೊ ಬೇರೆ ಲೋಕದ ದೇವಸ್ಥಾನಕ್ಕೆ ಹೋಗುತ್ತಾಳೆ. ಅಲ್ಲಿ ಸಿಗುವ ಆಯುಧ ಮುರಿಯುವುದಿಲ್ಲ. ಮುಂದೆ ಹೋದಂತೆ ಅವಳ ಬಲವೂ ಏರುತ್ತದೆ, ಹೊಡೆದಾಟವೂ ಜಾಸ್ತಿ. ಕಿತ್ತುಕೊಂಡದ್ದನ್ನು ವಾಪಸ್ ಕೊಟ್ಟ ಕೂಡಲೇ ಹೆದರಿಕೆ ಇಳಿಯಿತು. ಕಥೆಗೆ ಅದು ಬೇಕಾಗಿತ್ತು ಅನ್ನುವವರಿದ್ದಾರೆ, ಇರಬಹುದು. ಆಡುವಾಗ ನನಗೆ ಆಕಳಿಕೆ ಬಂತು.

ಪ್ರಶ್ನೆ (ಕುಮಟಾ): ದೇವಿಮನೆ ಘಟ್ಟದ ಮಂಜಿನಲ್ಲಿ ಗಾಡಿ ಓಡಿಸುವ ನಮಗೆ ಸೈಲೆಂಟ್ ಹಿಲ್‌ನ ಆ ಹೆಸರುವಾಸಿ ಮಂಜು ಏನು ಹೆದರಿಕೆ?

ಉತ್ತರ: ಹಹ್ಹಾ. ಆ ಮಂಜು ಬಂದದ್ದೇ ಯಂತ್ರದ ಬಡತನದಿಂದ. 1999ರಲ್ಲಿ ಬಂದ ಮೊದಲ ಸೈಲೆಂಟ್ ಹಿಲ್ ಮಾಡುವಾಗ ದೂರದ ರಸ್ತೆ, ಮನೆಗಳನ್ನೆಲ್ಲ ಒಟ್ಟಿಗೆ ಬಿಡಿಸುವ ತಾಕತ್ತು ಪ್ಲೇಸ್ಟೇಷನ್‌ಗೆ ಇರಲಿಲ್ಲ. ಬಿಡಿಸಲಾಗದ್ದನ್ನು ಮಂಜು, ಕತ್ತಲೆಯಲ್ಲಿ ಮುಚ್ಚಿದರು. ಜೊತೆಗೆ ಜೇಬಿನಲ್ಲಿ ರೇಡಿಯೋ ಕೊಟ್ಟರು. ಆಟದ ವಿಕಾರ ಜೀವಿ ಹತ್ತಿರ ಬಂದರೆ ಅದು ಗರಗರ ಅನ್ನುತ್ತದೆ, ಯಾವ ಕಡೆಯಿಂದ ಅಂತ ಹೇಳುವುದಿಲ್ಲ. ಈಗಿನ ಯಂತ್ರಕ್ಕೆ ಮಂಜಿನ ಅಗತ್ಯವೇ ಇಲ್ಲ, ಆದರೂ ಬೇಕಂತಲೇ ಹಾಕುತ್ತಾರೆ.

ಪ್ರಶ್ನೆ (ಕಾರವಾರ): ಮಗ ಒಂಬತ್ತನೇ ಕ್ಲಾಸು. ಗೆಳೆಯನ ಮನೆಯಲ್ಲಿ ನೋಡಿ ಇದೇ ಬೇಕು ಅಂತ ಹಠ ಹಿಡಿದಿದ್ದಾನೆ. ಕೊಡಿಸಬಹುದಾ?

ಉತ್ತರ: ಬೇಡ. ಜಪಾನಿನಲ್ಲೇ ಇದಕ್ಕೆ 18 ತುಂಬಿದವರಿಗೆ ಮಾತ್ರ ಅನ್ನುವ ದರ್ಜೆ ಕೊಟ್ಟಿದ್ದಾರೆ. ರಕ್ತ ಒಂದೇ ಆಗಿದ್ದರೆ ನಾನು ಇಷ್ಟು ಖಡಾಖಂಡಿತವಾಗಿ ಹೇಳುತ್ತಿರಲಿಲ್ಲ. ಮಕ್ಕಳ ಮೇಲಿನ ದೌರ್ಜನ್ಯ, ಹೆಣ್ಣುಮಕ್ಕಳನ್ನು ಕೀಳಾಗಿ ಕಾಣುವುದು, ಚಿತ್ರಹಿಂಸೆ ಇವೆಲ್ಲ ಕಥೆಯ ಒಳಗೇ ಇವೆ, ಆಟ ಶುರುವಿನಲ್ಲೇ ಎಚ್ಚರಿಕೆ ಕೊಡುತ್ತದೆ. ನೀವು ಆಡಿ, ಅವನು ಮಲಗಿದ ಮೇಲೆ.

ಪ್ರಶ್ನೆ (ಸಿದ್ದಾಪುರ): ನನ್ನದು ಹಳೇ ಪಿಸಿ. ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ. ದುಡ್ಡು ಹಾಕಿ ಪೇಚಿಗೆ ಬೀಳಬಾರದು.

ಉತ್ತರ: ರ್‍ಯಾಮ್ 16 ಜಿಬಿಗಿಂತ ಕಡಿಮೆ ಇದ್ದರೆ ಯೋಚನೆಯನ್ನೇ ಬಿಡಿ. ಯುಪಿಎಸ್ ಇಲ್ಲದೆ ಕೂರಬೇಡಿ, ಗುಡಿ ಕಂಡಲ್ಲೆಲ್ಲ ಸೇವ್ ಮಾಡಿ. ಹಂಚಿನ ಮನೆಯಾದರೆ ಹೆಡ್‌ಫೋನ್ ಬೇಕೇ ಬೇಕು, ಮಳೆಯ ಸದ್ದಿನಲ್ಲಿ ಹಿಂದಿನ ಹೆಜ್ಜೆ ಸಪ್ಪಳ ಕೇಳುವುದಿಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡರೆ 14 ದಿನದ ಒಳಗೆ, 2 ತಾಸಿಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆಟವನ್ನು ನಡುವೆ ತಡೆದು ನಿಲ್ಲಿಸಿ ಚಹಾ ಕುಡಿಯಲು ಹೋದರೂ ಆ ಗಡಿಯಾರ ಓಡುತ್ತಲೇ ಇರುತ್ತದೆ. ಹಾಗಾಗಿ ಎದ್ದು ಹೋಗುವಾಗ ಆಟ ಮುಚ್ಚಿಯೇ ಹೋಗಿ. ಇನ್ನೊಂದು, ಈ ಆಟಕ್ಕೆ ಐದು ಅಂತ್ಯ ಇವೆ, ಮೊದಲ ಸಲ ಏನೇ ಮಾಡಿದರೂ ಸಿಗುವುದು ಒಂದೇ. ಅದನ್ನು ನೋಡಿ ಇಷ್ಟೇನಾ ಅಂತ ಅಳಿಸಿ ಹಾಕಬೇಡಿ, ಎರಡನೇ ಸಲಕ್ಕೆ ಕಥೆಯ ಗಂಟು ಬಿಚ್ಚುತ್ತದೆ.