ಬಾವ, ಮುಚ್ಚಿಲ್ಲ ಅಂತ ಯಾರು ಹೇಳಿದ್ದು?

ಹಲೋ, ಎಲ್ರುದ್ದೂ ಊಟ ಆಯ್ತಾ? ನನ್ ಮಗಳು ಪುಟ್ಟಿ ಇಂಗ್ಲೆಂಡಿಂದ ಬೆಳಿಗ್ಗೆ ಗ್ರೂಪಲ್ಲಿ ಹಾಕಿದ್ ವಾಯ್ಸ್ ಮೆಸೇಜ್‌ನ ಈಗ ಕೇಳ್ದೆ, ಅದರ ಕೆಳಗೆ ನಮ್ ಬಾವ ಹಾಕಿರೋ ನಗೋ ಬೊಂಬೆಗಳ್ನೂ ನೋಡ್ದೆ. ಟೈಪ್ ಮಾಡ್ಕೊಂಡ್ ಕೂತ್ರೆ ಬೆಳಕು ಹರಿದೋಯ್ತದೆ, ಅದುಕ್ಕೆ ಬಾಯಲ್ಲೇ ಹೇಳ್ಬಿಡ್ತೀನಿ. ವಸಿ ಉದ್ದ ಆಗ್ತದೆ, ಬೈಕೋಬೇಡಿ, ಬೇಕಾದ್ರೆ ಸ್ಪೀಡ್ ಜಾಸ್ತಿ ಮಾಡ್ಕೊಂಡು ಕೇಳ್ಕಳಿ.

ಕೇಳ್ದೆ ಇರೋರಿಗೆ, ಪುಟ್ಟಿ ಹೇಳಿದ್ದಿಷ್ಟು. ಅವರೂರಿನ ಕೌನ್ಸಿಲ್‌ಗೆ, ಅಂದ್ರೆ ನಮ್ ನಗರಸಭೆ ಇದ್ದಂಗೆ, ದುಡ್ಡು ಸಾಲ್ದೆ ಮನೆ ಹತ್ರದ ಲೈಬ್ರರಿ ಟೈಮ್ ಕಡಿಮೆ ಮಾಡ್ತಾರಂತೆ, ಮಗೂನ ಹಾಡು ಹೇಳ್ಸೋಕೆ ಕರ್ಕೊಂಡ್ ಹೋಗ್ತಿದ್ಲಲ್ಲ ಅದೂ ನಿಲ್ತದಂತೆ, ಏನಂತೀರಿ ಅಂತ ಮನೆಮನೆಗೆ ಫಾರಂ ಕಳ್ಸವ್ರಂತೆ. ಅದುಕ್ಕೆ ಬಾವ, ‘ನೋಡ್ರಪ್ಪ ಇಂಗ್ಲೆಂಡೇ ಪಾಪರ್ ಆಗೋಯ್ತು, ನಮ್ದೇ ವಾಸಿ, ಮೈಸೂರಲ್ಲಿ ಒಂದ್ ಲೈಬ್ರರಿ ಮುಚ್ಚಿದ್ದು ತೋರ್ಸಿ ನೋಡೋಣ’ ಅಂದವ್ರೆ.

ಬಾವ, ಒಂದ್ ಲೆಕ್ಕುಕ್ಕೆ ನೀವು ಹೇಳಿದ್ದು ಸರಿನೇ. ಯಾವ್ದೂ ಮುಚ್ಚಿಲ್ಲ. ಬೋರ್ಡ್ ಅದೆ, ಬೀಗ ಅದೆ, ಬೀಗ ತೆಗೆಯೋರು ವಾರದಲ್ಲಿ ಮೂರ್ ದಿನ ಬರ್ತಾರೆ. ಮುಚ್ಚಿಲ್ಲ ಅಂತ ಯಾರು ಹೇಳಿದ್ದು ಅಂತ ನಾನು ಕೇಳೋದು ಅದುಕ್ಕೇನೆ. ಅವರು ಮುಚ್ತೀವಿ ಅಂತ ಹೇಳಿ ಮುಚ್ತಾರೆ, ನಾವು ಹೇಳಲ್ಲ, ಕೆರೆ ಬತ್ತೋ ಹಂಗೆ ಬತ್ತುಸ್ತೀವಿ. ಇದುನ್ನ ಯಾರೋ ಹೇಳಿದ್ದು ಕೇಳಿ ಹೇಳ್ತಿಲ್ಲ, ಮೂವತ್ತೊಂದು ವರ್ಷ ಪುರಸಭೆ ಅನ್ನ ತಿಂದೋನು ನಾನು, ಬತ್ತಿಸಿದ್ ಕೈನಲ್ಲಿ ನಂದೂ ಒಂದು.

ಮೊದ್ಲು ಇಂಗ್ಲೆಂಡ್ ಕತೆ ಹೇಳ್ತೀನಿ. ಪುಟ್ಟಿ ಬಾಣಂತನುಕ್ಕೆ ನಾನೂ ನಿಮ್ ತಂಗೀನೂ ಹೋಗಿದ್ವಲ್ಲ, ಆಗ ಅಳಿಯ ಒಂದಿನ ಬರ್ಮಿಂಗ್‌ಹ್ಯಾಮ್‌ಗೆ ಕರ್ಕೊಂಡ್ ಹೋಗಿ ಅಲ್ಲಿನ ದೊಡ್ ಲೈಬ್ರರಿ ತೋರ್ಸಿದ. ಹೊರಗಡೆಯೆಲ್ಲಾ ಬಳೆ ಜೋಡ್ಸಿದಂಗೆ ಕಟ್ಟಡ, 2013ರಲ್ಲಿ ಓಪನ್ ಆಗಿದ್ದು, ಮಲಾಲ ಅನ್ನೋ ಹುಡ್ಗಿ ಬಂದು ಓಪನ್ ಮಾಡಿದ್ದಂತೆ. 18 ಕೋಟಿ 80 ಲಕ್ಷ ಪೌಂಡ್ ಸುರ್ದವ್ರೆ. ಎರಡೇ ವರ್ಷ, 2015ಕ್ಕೆ ನಡ್ಸೋಕೆ ಕಾಸಿಲ್ಲ ಅಂತ ವಾರಕ್ಕೆ 73 ಗಂಟೆ ತೆಗೀತಿದ್ದುದ್ನ 40ಕ್ಕೆ ಇಳ್ಸುದ್ರು. ಕಟ್ಟೋಕೆ ದುಡ್ಡು ಸಿಗ್ತದೆ, ಬಾಗಿಲು ತೆಗ್ಯೋಕೆ ಸಿಗಲ್ಲ, ಇದು ಮಾತ್ರ ಅಲ್ಲೂ ಒಂದೇ ಇಲ್ಲೂ ಒಂದೇ ಅಂತ ಅವತ್ತೇ ಅನ್ಕಂಡೆ.

ಆಮೇಲೆ 2023ರ ಸೆಪ್ಟೆಂಬರ್‌ನಲ್ಲಿ ಅದೇ ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ ದುಡ್ಡಿಲ್ಲ ಅಂತ ಕೈ ಎತ್ತುಬಿಡ್ತು. ಯಾಕಂದ್ರೆ ಅಡಿಗೆ, ಕ್ಲೀನಿಂಗ್, ವಯಸ್ಸಾದೋರ್ನ ನೋಡ್ಕಳೋ ಕೆಲಸ ಮಾಡ್ತಿದ್ದ ಹೆಂಗಸ್ರಿಗೆ ಬೋನಸ್ ಇಲ್ಲ, ಕಸ ತೆಗೆಯೋ ಗಂಡಸ್ರಿಗೆ ಬೋನಸ್, ಹಂಗೆ ವರ್ಷಗಟ್ಲೆ ನಡೆಸವ್ರೆ. ಹೆಂಗಸ್ರು ಕೋರ್ಟ್‌ಗೆ ಹೋದ್ರು, 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ರು, ಅಲ್ಲಿಂದ ಈಚೆಗೆ ನೂರು ಕೋಟಿ ಪೌಂಡ್ ಮೇಲೆ ಪರಿಹಾರ ಕಟ್ಟಿದ್ರೂ ಬಾಕಿ ಮುಗೀಲಿಲ್ಲ. ಅದರ ಜೊತೆಗೆ ಲೆಕ್ಕ ಇಡೋ ಸಾಫ್ಟ್‌ವೇರ್ ಬೇರೆ 2022ರಲ್ಲಿ ಬದ್ಲಾಯ್ಸಕ್ಕೋಗಿ ಎಡವಟ್ಟು ಮಾಡ್ಕಂಡ್ರು, ಎಷ್ಟು ಬಂತು ಎಷ್ಟು ಹೋಯ್ತು ಅನ್ನೋದೇ ಸರ್ಯಾಗಿ ಗೊತ್ತಾಗ್ತಿರ್ಲಿಲ್ಲ. ಹೆಂಗಸ್ರಿಗೆ ಕೂಲಿ ಕೊಟ್ಟಿದ್ದುಕ್ಕೆ ಊರು ಮುಳುಗ್ತು ಅಂತ ಮಾತ್ರ ಯಾರೂ ಹೇಳ್ಬೇಡಿ, ಕೊಡಬೇಕಾದ್ ಟೈಮಲ್ಲಿ ಕೊಡದೆ ಇದ್ದಿದ್ದುಕ್ಕೆ ಮುಳುಗಿದ್ದು.

ನಂಗೆ ಇದ್ರಲ್ಲಿ ಕುತೂಹಲ ಅನ್ಸಿದ್ದು ಬೇರೆ. ಅಲ್ಲಿ 1988ದು ಒಂದ್ ಕಾನೂನು ಅದೆ, ಅದ್ರಲ್ಲಿ 114ನೇ ಸೆಕ್ಷನ್. ಖರ್ಚು ಆದಾಯ ಮೀರೋ ಹಂಗೆ ಕಂಡ್ರೆ ಕೌನ್ಸಿಲ್‌ನ ಫೈನಾನ್ಸ್ ಆಫೀಸರ್ರೇ ನೋಟಿಸ್ ಹೊರಡಿಸ್ಬೇಕು, ಅದು ಅವರ ಡ್ಯೂಟಿ. ನೋಟಿಸ್ ಬಂತು ಅಂದ್ರೆ ಕಾನೂನು ಪ್ರಕಾರ ಮಾಡ್ಲೇಬೇಕಾದ್ದು ಬಿಟ್ಟು ಹೊಸ ಖರ್ಚೆಲ್ಲಾ ಬಂದ್. ಆಮೇಲೆ 2024ರ ಮಾರ್ಚ್‌ನಲ್ಲಿ ಸಭೆ ಕೂತು, ಎರಡ್ ವರ್ಷಕ್ಕೆ 30 ಕೋಟಿ ಪೌಂಡ್ ಖರ್ಚು ಕಡಿತ, ಮನೆ ತೆರಿಗೆ ಒಂದೇ ಸಲಕ್ಕೆ ಹತ್ತತ್ರ ಶೇ. 10 ಜಾಸ್ತಿ, ಬೀದಿ ದೀಪ ಮಂಕು ಮಾಡೋದು, ಕಸ ಹದ್ನೈದು ದಿನಕ್ಕೊಂದ್ಸಲ, ನಾಟಕ ಸಂಗೀತದೋರಿಗೆ ಕೊಡ್ತಿದ್ದ ಅನುದಾನ ಬಂದ್, ಲೈಬ್ರರಿಗೂ ಕತ್ರಿ ಅಂತ ಎಲ್ಲಾನೂ ಕಪ್ಪು ಮಸಿಲಿ ಬರ್ದು, ಕೈ ಎತ್ತಿ ಪಾಸ್ ಮಾಡಿದ್ರು. ಹೊರಗಡೆ ಜನ ಬೋರ್ಡ್ ಹಿಡ್ಕಂಡ್ ಕೂಗ್ತಾವ್ರೆ, ಒಳಗಡೆ ಇವರು ಪಾಸ್ ಮಾಡ್ತಾವ್ರೆ. ಒಳ್ಳೇದ್ ಮಾಡಿದ್ರು ಅಂತಿಲ್ಲ ನಾನು. ಆದ್ರೆ ನಮ್ ಅಕೌಂಟ್ಸ್ ಸೂಪರಿಂಟೆಂಡೆಂಟ್ ಒಬ್ರು ಹಂಗೆ ‘ದುಡ್ಡಿಲ್ಲ, ಎಲ್ಲಾ ನಿಲ್ಸಿ’ ಅಂತ ನೋಟಿಸ್ ಹೊರಡಿಸ್ಲಿ ನೋಡೋಣ, ಸಾಯಂಕಾಲದೊಳಗೆ ಬೀದರ್‌ಗೆ ಟ್ರಾನ್ಸ್‌ಫರ್.

ಈಗ ನಮ್ದು ಕೇಳಿ. ನಮ್ಮಲ್ಲಿ ಬಜೆಟ್ ಅಂದ್ರೆ ಯಾವತ್ತೂ ಉಳಿತಾಯ ಬಜೆಟ್ಟೇ. ಪೇಪರಲ್ಲಿ ಓದಿರ್ತೀರಿ, ಇಂತಾ ನಗರಸಭೆ ಇಷ್ಟು ಲಕ್ಷ ಉಳಿತಾಯ ಬಜೆಟ್ ಮಂಡನೆ ಅಂತ. ಅದು ಹೆಂಗ್ ಉಳಿತದೆ ಗೊತ್ತಾ? ಊರ ಹೆಸ್ರು ಬೇಡ, ನಾನು ಕೆಲಸ ಮಾಡ್ದ ಕಡೆದೇ ಹೇಳ್ತೀನಿ. ಫೆಬ್ರವರಿಲಿ ಡಿಸಿಬಿ ತಗೊಂಡ್ ಕೂರ್ತಿದ್ವಿ, ಅಂದ್ರೆ ಡಿಮ್ಯಾಂಡ್ ಎಷ್ಟು, ಕಲೆಕ್ಷನ್ ಎಷ್ಟು, ಬ್ಯಾಲೆನ್ಸ್ ಎಷ್ಟು. ಡಿಮ್ಯಾಂಡ್ ನೂರು ರೂಪಾಯಿ ಇದ್ರೆ ವಸೂಲಾಗೋದು ಐವತ್ತೋ ಅರವತ್ತೋ, ಅದು ಅಲ್ಲಿ ಕೂತಿದ್ದ ಎಲ್ರಿಗೂ ಗೊತ್ತು. ಆದ್ರೂ ಮುಂದಿನ ವರ್ಷದ ಅಂದಾಜು ಕಾಲಂನಲ್ಲಿ ಹಳೇ ಬಾಕಿ ಸಮೇತ ಪೂರ್ತಿ ಬರ್ತದೆ ಅಂತ ಬರೀತಿದ್ವಿ. ಬರೆದೋನು ನಾನೇ, ನನ್ ಅಕ್ಷರ ದುಂಡಗದೆ ಅಂತ ನನ್ ಕೈಲೇ ಬರಸ್ತಿದ್ರು. ಆದಾಯ ಹಿಂಗೆ ಉಬ್ಬಿಸ್ದ ಮೇಲೆ ಕೇಳೋದೇನು, ಪಾರ್ಕಿಗಿಷ್ಟು, ವಾಚನಾಲಯಕ್ಕಿಷ್ಟು, ಅಂಗವಿಕಲರಿಗೆ ಶೇ. 5, ಎಸ್‌ಸಿ ಎಸ್‌ಟಿಗೆ ಶೇ. 24.10, ಇತರೆ ಬಡವರಿಗೆ ಶೇ. 7.25, ಎಲ್ಲಾರ್ಗೂ ಎಲೆ ಹಾಕಿ ಬಡಿಸಿದಂಗೆ ಕಾಣ್ತದೆ, ಕಡೇಲಿ ಇಷ್ಟು ಲಕ್ಷ ಉಳಿತಾಯ ಅಂತ ಗೆರೆ ಎಳ್ದು ಚಪ್ಪಾಳೆ.

ಸೆಪ್ಟೆಂಬರ್ ಅಕ್ಟೋಬರ್‌ಗೆ ಬಣ್ಣ ಬಯಲಾಗೋದು. ಬಂದಿದ್ ದುಡ್ಡಲ್ಲಿ ಮೊದ್ಲು ಸಂಬಳ, ಆಮೇಲೆ ನೀರು ಎತ್ತೋ ಪಂಪ್‌ದು ಬೀದಿ ದೀಪದ್ದು ಕರೆಂಟ್ ಬಿಲ್ಲು, ಆಮೇಲೆ ಕಸದ ಗಾಡಿ ಡೀಸೆಲ್ಲು. ಇದುನ್ನ ನಿಲ್ಸೋಕಾಗಲ್ಲ, ಒಂದಿನ ನೀರು ಬರ್ದಿದ್ರೆ ಕೊಡ ತಗೊಂಡು ಹೆಂಗಸ್ರು ಆಫೀಸ್ ಬಾಗ್ಲಲ್ಲಿ ಕೂತ್ಕತ್ತಾರೆ, ಕೂತ್ಕೊಬೇಕು ಕೂಡ. ಉಳಿದ ಫೈಲೆಲ್ಲಾ ನನ್ ಟೇಬಲ್‌ಗೆ. ಪಾರ್ಕ್ ಮಾಲಿ ಬಿಲ್ಲು, ವಾಚನಾಲಯದ ಪೇಪರ್ ಬಿಲ್ಲು, ಅಂಗವಿಕಲರ ತ್ರಿಚಕ್ರ ಗಾಡಿ ಫೈಲು. ಅದರ ಮೇಲೆ ಒಂದೇ ವಾಕ್ಯ ಬರೀತಿದ್ದೆ, ‘ಅನುದಾನ ಲಭ್ಯತೆ ನೋಡಿಕೊಂಡು ಮಂಡಿಸುವುದು’. ಇಲ್ಲ ಅಂತಲೂ ಅಲ್ಲ, ಕೊಡ್ತೀವಿ ಅಂತಲೂ ಅಲ್ಲ. ಆ ಫೈಲು ಮಾರ್ಚ್ ತನ್ಕ ಅಲ್ಲೇ ಮಲಗಿರದು. ಇದೇ ಕಣವ್ವ ಪುಟ್ಟಿ ನಮ್ ಕಡಿತ. ನಿಮ್ಮಲ್ಲಿ ಅದುಕ್ಕೆ ಫಾರಂ ಕಳ್ಸಿ ಅಭಿಪ್ರಾಯ ಕೇಳ್ತಾರೆ, ನಮ್ಮಲ್ಲಿ ನನ್ನಂತೋನೊಬ್ಬ ಹಸಿರು ಇಂಕಲ್ಲಿ, ಅಲ್ಲ ತಡಿ, ಹಸಿರು ಸಾಹೇಬ್ರುದ್ದು, ನಂದು ನೀಲಿ, ನೀಲಿ ಇಂಕಲ್ಲಿ ಒಂದ್ ಸಾಲು ಬರ್ದು ಟೀ ಕುಡ್ಯಕ್ಕೆ ಹೋಗ್ತಿದ್ದ.

ಈಗ ನಮ್ ಬಡಾವಣೆ ವಾಚನಾಲಯಕ್ಕೆ ಬನ್ನಿ ಬಾವ, ಪಾರ್ಕ್ ಪಕ್ಕದಲ್ಲಿ, ನೀವು ಬಂದಾಗ ಶೂ ಲೇಸ್ ಕಟ್ಕಳಕ್ಕೆ ಕೂರ್ತೀರಲ್ಲ ಕಲ್ ಬೆಂಚು, ಅದರ ಎದ್ರಿಗಿರೋದೆ. ನಾನು ರಿಟೈರ್ ಆಗಿ ಮೈಸೂರಿಗೆ ಬಂದಾಗ ಒಂಬತ್ತು ಪೇಪರ್ ಬರ್ತಿತ್ತು. ಈಗ ಮೂರು. ಇದ್ದ ಗ್ರಂಥಪಾಲಕರು ರಿಟೈರ್ ಆದ್ರು, ಆ ಜಾಗಕ್ಕೆ ಯಾರ್ನೂ ಹಾಕ್ಲಿಲ್ಲ, ಬೇರೆ ಕಡೆ ಇರೋರ್ಗೆ ಇದುನ್ನೂ ಪ್ರಭಾರ ಕೊಟ್ರು, ಅದುಕ್ಕೇ ಮೂರ್ ದಿನ. ಪಾಪ ಅವ್ರ ತಪ್ಪೇನಿಲ್ಲ, ಸ್ಕೂಟರಲ್ಲಿ ಎರಡ್ ಕೀ ಗೊಂಚಲು ಇಟ್ಕಂಡ್ ಓಡಾಡ್ತಾರೆ. ನಮ್ಮಂಗೆ ಪೇಪರ್ ಓದೋ ಮುದುಕ್ರುದು ಬಿಡಿ, ಮೊಬೈಲಲ್ಲೂ ಓದ್ಕಬೋದು. ಅಲ್ಲಿ ಎಫ್‌ಡಿಎ, ಪಿಡಿಒ, ಪೊಲೀಸ್ ಎಕ್ಸಾಮ್‌ಗೆ ಓದೋಕೆ ಹತ್ತು ಹನ್ನೆರಡು ಹುಡುಗ್ರು ಬರ್ತವೆ, ಟಿ. ನರಸೀಪುರ, ನಂಜನಗೂಡು ಕಡೆಯವು, ನಾಲ್ಕೈದು ಜನ ಸೇರ್ಕೊಂಡು ರೂಮ್ ಮಾಡ್ಕಂಡಿರೋವು, ರೂಮಲ್ಲಿ ಕಾಲು ಚಾಚಕ್ಕೂ ಜಾಗ ಇರಲ್ಲ. ಬಾಗ್ಲು ಹಾಕಿರೋ ದಿನ ಅವು ಆ ಕಲ್ ಬೆಂಚಲ್ಲೇ ಪುಸ್ತಕ ಇಟ್ಕಂಡಿರ್ತವೆ. ಹೋದ್ ತಿಂಗ್ಳು ಒಳಗಡೆ ಟ್ಯೂಬ್ ಲೈಟ್ ಕೆಟ್ಟೋಯ್ತು, ಅರ್ಜಿ ಕೊಟ್ಟು ಕಾಯ್ತೀರಾ ಅಂದ್ರೆ ಒಂದು ಹುಡ್ಗ ನಕ್ಕೊಂಡು, ‘ಅಂಕಲ್ ಅಷ್ಟೊತ್ತಿಗೆ ನಮ್ ಏಜ್ ಲಿಮಿಟ್ ಮುಗಿದೋಯ್ತದೆ’ ಅಂದ. ತಲಾ ಇಪ್ಪತ್ತು ರೂಪಾಯಿ ಹಾಕಿ ಅವ್ರೇ ತಂದು ಹಾಕ್ಕಂಡ್ರು. ನಾನು ಅಲ್ಲೇ ನಿಂತಿದ್ದೆ, ನಾನು ಬರೀತಿದ್ದ ವಾಕ್ಯ ನೆನಪಾಯ್ತು, ನಂದೂ ಇಪ್ಪತ್ತು ಅಂತ ಕೊಡೋಕೆ ಕೈ ಬರ್ಲಿಲ್ಲ, ನೂರು ಕೊಟ್ಟೆ. ಅದೂ ಸರಿ ಅನ್ನಿಸ್ಲಿಲ್ಲ.

ಬಾವ, ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿ ಶೇ. 5 ರಿಯಾಯಿತಿ ತಗೊಂಡೆ ಅಂತ ರಸೀದಿ ಫೋಟೋ ಇದೇ ಗ್ರೂಪಲ್ಲಿ ಹಾಕಿದ್ರಲ್ಲ, ಅದುನ್ನ ತೆಗೆದು ಒಂದ್ಸಲ ದೊಡ್ದು ಮಾಡಿ ನೋಡಿ. ಕಂದಾಯದ ಕೆಳಗೆ ಸೆಸ್ ಅಂತ ಇರ್ತದೆ. ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ನಾಲ್ಕ್ ಸಾವಿರ ಕಂದಾಯ ಇದ್ರೆ ಲೈಬ್ರರಿಗೆ ಅಂತಲೇ ನಿಮ್ ಜೇಬಿಂದ 240 ರೂಪಾಯಿ ಹೋಗದೆ. ನಮ್ ಗ್ರಂಥಾಲಯ ಕಾಯ್ದೆ 1965ರದ್ದು, ಇಂಗ್ಲೆಂಡ್‌ನೋರ್ದು 1964ರದ್ದು, ಒಂದೇ ವರ್ಷ ಹಿಂದೆ ಮುಂದೆ. ಅವ್ರು ಲೈಬ್ರರಿ ನಡ್ಸೋದು ಕೌನ್ಸಿಲ್ ಕರ್ತವ್ಯ ಅಂತ ಬರ್ಕಂಡ್ರು, ನಾವು ಸೆಸ್ ಅಂತ ಬೇರೆ ದುಡ್ಡೇ ಕಟ್ಟುಸ್ಕೊಂಡ್ವಿ. ಆ ಲೆಕ್ಕುಕ್ಕೆ ನಮ್ ಲೈಬ್ರರಿಗೆ ದುಡ್ಡಿಲ್ಲ ಅನ್ನಂಗೇ ಇಲ್ಲ. ಆದ್ರೆ ಕಟ್ಟುಸ್ಕೊಳೋದು ಪಾಲಿಕೆ, ಪುರಸಭೆ, ಲೈಬ್ರರಿ ನಡ್ಸೋದು ಗ್ರಂಥಾಲಯ ಇಲಾಖೆ. ಒಂದು ಜೇಬಿಂದ ಇನ್ನೊಂದು ಜೇಬಿಗೆ ಹೋಗ್ಬೇಕು. ನಾನಿದ್ದ ಆಫೀಸಲ್ಲಿ ಸಂಬಳಕ್ಕೆ ಕಮ್ಮಿ ಬಿದ್ದಾಗ ಮೊದ್ಲು ಕೈ ಹಾಕ್ತಿದ್ದುದು ಆ ಸೆಸ್ ದುಡ್ಡಿಗೇನೆ, ‘ಮುಂದಿನ ತಿಂಗ್ಳು ತುಂಬುದ್ರಾಯ್ತು’ ಅಂತ. ಆ ಮುಂದಿನ ತಿಂಗ್ಳು ನಾನು ರಿಟೈರ್ ಆದ್ರೂ ಬರ್ಲಿಲ್ಲ.

ಹಂಗಂತ ಪೂರ್ತಿ ಆಫೀಸ್‌ನೋರ್ದೇ ತಪ್ಪು ಅಂತಲೂ ಹೇಳೋಕಾಗಲ್ಲ. ನಮ್ಮಪ್ಪನ ಕಾಲದಲ್ಲಿ ಊರ್ಬಾಗ್ಲಲ್ಲಿ ಆಕ್ಟ್ರಾಯ್ ನಾಕಾ ಇತ್ತಲ್ಲ, ಎತ್ತಿನ ಗಾಡಿ ನಿಲ್ಸಿ ಸುಂಕ ಕಟ್ಟಿ ಒಳಗೆ ಬರ್ಬೇಕಿತ್ತು, ಅದು ಹೋಯ್ತು, ಹೋಗಿದ್ದು ಒಳ್ಳೇದೇ ಆಯ್ತು ಬಿಡಿ. ಜಾಹೀರಾತು ತೆರಿಗೆ 2017ರಲ್ಲಿ ಜಿಎಸ್‌ಟಿ ಒಳಗೆ ಸೇರ್ಕೊಳ್ತು. ಈಗ ಸ್ವಂತ ಕೈಯಲ್ಲಿರೋದು ಮನೆ ಕಂದಾಯ, ನೀರಿನ ಬಿಲ್ಲು, ಅಂಗಡಿ ಬಾಡಿಗೆ, ಲೈಸೆನ್ಸ್ ಫೀಸು, ಅಷ್ಟೇ. ಉಳಿದಿದ್ದುಕ್ಕೆಲ್ಲಾ ಬೆಂಗಳೂರು, ದಿಲ್ಲಿ ಕಡೆ ಬೊಗಸೆ ಒಡ್ಡಬೇಕು, ಬಂದಿದ್ರಲ್ಲೂ ಇದುಕ್ಕೇ ಖರ್ಚು ಮಾಡು ಅಂತ ಗಂಟು ಹಾಕಿ ಕಳುಸ್ತಾರೆ. ಕಂದಾಯ ಜಾಸ್ತಿ ಮಾಡ್ತೀವಿ ಅಂದ್ರೆ ಮೊದ್ಲು ಕೂಗಾಡೋರು ಯಾರು ಬಾವ? ನಾವೇ. ಎರಡಂತಸ್ತು ಕಟ್ಟಿ ಒಂದಂತಸ್ತಿಗೆ ಕಂದಾಯ ಕಟ್ಟೋರು ನಮ್ ಮನೇಲೂ ಅವ್ರೆ, ಹೆಸ್ರು ಹೇಳಲ್ಲ, ಗ್ರೂಪಲ್ಲಿ ಕೇಳ್ತಾ ಅವ್ರೆ.

ಇನ್ನು ಕೇಳಾಣ ಅಂದ್ರೆ ಯಾರ್ನ ಕೇಳೋದು. ಮೈಸೂರು ಪಾಲಿಕೆಗೆ 2018ರಲ್ಲಿ ಎಲೆಕ್ಷನ್ ಆಯ್ತು, 65 ವಾರ್ಡು, 2023ರ ನವೆಂಬರ್‌ಗೆ ಅವಧಿ ಮುಗೀತು, ಆಮೇಲೆ ಆಡಳಿತಾಧಿಕಾರಿ. ಕಾರ್ಪೊರೇಟರ್ ಇದ್ದಾಗ ಕೆಲಸ ಆಗ್ತಿತ್ತೋ ಇಲ್ವೋ, ಬೆಳಿಗ್ಗೆ ಮನೆ ಮುಂದೆ ಹೋಗಿ ‘ಏನ್ ಸ್ವಾಮಿ’ ಅಂತ ನಿಂತ್ಕಬೋದಿತ್ತು. 2015, 2016 ಎರಡ್ ಸಲ ಸ್ವಚ್ಛತೇಲಿ ದೇಶಕ್ಕೇ ಫಸ್ಟ್ ಬಂದ ಊರಪ್ಪ ಇದು. ಈಗ ನಮ್ ಮನೆ ಹಿಂದಿನ ಕನ್ಸರ್ವೆನ್ಸಿ ಓಣೀಲಿ ಬೆಳೆದಿರೋ ಗಿಡ ಯಾರ್ಗೆ ಹೇಳಿ ಕೀಳ್ಸೋದು ಅಂತ ತಿಳೀದೆ ನಿಮ್ ತಂಗಿ ಅದಕ್ಕೂ ನೀರ್ ಹಾಕ್ತಾವ್ಳೆ.

ಪುಟ್ಟಿ, ಆ ಫಾರಂ ಬಂದದಲ್ಲ, ಸುಮ್ನೆ ಬಿಸಾಕ್ಬೇಡ. ಮಗೂನ ಕರ್ಕೊಂಡ್ ಹೋಗ್ತಿದ್ದೆ, ಯಾವ್ ದಿನ, ಎಷ್ಟೊತ್ತು, ಎಷ್ಟ್ ತಾಯಂದ್ರು ಬರ್ತಿದ್ರು, ಎಲ್ಲಾ ಲೆಕ್ಕ ಹಾಕಿ ಬರಿ. ಸಿಟ್ಟು ಬರೀಬೇಡ, ಲೆಕ್ಕ ಬರಿ, ಆಫೀಸ್‌ನೋರು ಸಿಟ್ಟು ಫೈಲ್ ಮಾಡಲ್ಲ, ಲೆಕ್ಕಕ್ಕೆ ಉತ್ತರ ಬರೀಬೇಕಾಯ್ತದೆ. ವಾಲಂಟಿಯರ್‌ಗಳ ಕೈಗೆ ಕೊಡ್ತೀವಿ ಅಂತ ಏನಾದ್ರೂ ಅಂದ್ರೆ ಸಂಬಳದೋರು ಒಬ್ರು ಇರ್ಬೇಕು ಅಂತ ಬರಿ. ಮೊದಲ್ನೇ ತಿಂಗ್ಳು ಎಲ್ರೂ ಬರ್ತಾರೆ, ಮೂರ್ನೇ ತಿಂಗ್ಳು ಕೀ ಯಾರ್ ಹತ್ರ ಅದೆ ಅಂತ ಹುಡ್ಕಬೇಕಾಯ್ತದೆ, ನಮ್ ಗಣಪತಿ ಕಮಿಟಿ ನೋಡಿಲ್ವಾ.

ನಾನೂ ಇಲ್ಲಿ ಒಂದ್ ಅರ್ಜಿ ಬರೀತಿದ್ದೀನಿ, ನಮ್ ವಾರ್ಡಲ್ಲಿ ಮೂರ್ ವರ್ಷಕ್ಕೆ ಗ್ರಂಥಾಲಯ ಕರ ಎಷ್ಟು ವಸೂಲಾಯ್ತು, ಇಲಾಖೆಗೆ ಎಷ್ಟು ಕಟ್ಟಿದ್ರು, ಯಾವ್ ತಾರೀಕು, ಮಾಹಿತಿ ಹಕ್ಕಲ್ಲಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಾಕಿ. ಯಾವ್ ರಿಜಿಸ್ಟರ್‌ನ ಯಾವ್ ಕಾಲಂ ಅಂತ ಗೊತ್ತಿರೋದು ಅದೊಂದುಕ್ಕೆ ಉಪಯೋಗ ಆಗ್ಲಿ. ಬಾವ, ಭಾನುವಾರ ಊಟಕ್ಕೆ ಬರ್ತಾ ಆ ರಸೀದಿದು ಒಂದ್ ಜೆರಾಕ್ಸ್ ತನ್ನಿ, ಅರ್ಜಿ ಜೊತೆ ಲಗತ್ತಿಸ್ಬೇಕು. ಹಂಗೇ ದಾರೀಲಿ ಒಂದ್ ಟ್ಯೂಬ್ ಲೈಟ್ ಸ್ಟಾರ್ಟರ್ ಹಿಡ್ಕಂಡ್ ಬನ್ನಿ, ಮತ್ತೆ ಮಿಣ ಮಿಣ ಅಂತದಂತೆ ಅದು, ಹುಡುಗ್ರು ಈಗ್ಲೇ ಹೇಳಿ ಹೋದ್ರು.